ಮುಧೋಳ ಮರಿಯನ್ನು ‘ಬೇಟೆ ತರಬೇತಿ’ಗೆ ಕಳಿಸುವ ಮುನ್ನ ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಮುಧೋಳ ತಳಿಯ ನಾಯಿಮರಿ ಇದೆಯಾ? ಅದನ್ನು ಓಟಕ್ಕೆ ಪಳಗಿಸಬೇಕು ಅಂತಿದ್ದೀರಾ? ವಾಟ್ಸಾಪ್‌ನಲ್ಲಿ ಯಾರೋ ‘ಬೇಟೆ ನಾಯಿ ಟ್ರೇನಿಂಗ್, ಮೂರು ತಿಂಗಳಲ್ಲಿ ಗ್ಯಾರಂಟಿ’ ಅಂತ ಹಾಕಿದ್ದಾರಾ? ಕೊಡಬೇಡಿ. ಎಷ್ಟೇ ಸಿಹಿಯಾಗಿ ಮಾತಾಡಲಿ, ಕೊಡಬೇಡಿ.

ಬಾಗಲಕೋಟೆ ಕಡೆಯ ಒಬ್ಬ ನಮ್ಮ ಮಲ್ಲಿಯನ್ನು ತೆಗೆದುಕೊಂಡು ಹೋಗಿ ಏನು ಮಾಡಿದ ಅನ್ನೋದನ್ನು ಬರೀತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಹೇಳಿದ್ದನ್ನೇ ಮತ್ತೆ ಹೇಳಿದರೆ ಬೇಜಾರು ಮಾಡ್ಕೋಬೇಡಿ.

ಮಲ್ಲಿ ಬೀದಿಯಲ್ಲಿ ಕೊಂಡ ಮರಿಯಲ್ಲ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಹೆಸರು ಬರೆಸಿ, ಕಾದು ತಂದದ್ದು. ಕಂದು ಬಣ್ಣ, ಉದ್ದ ಮೂತಿ, ಮೂತಿಯ ತುದಿ ಕಪ್ಪು. ನಾನಿರುವುದು ಹುಬ್ಬಳ್ಳಿಯಲ್ಲಿ, ಹೊಲ ಇರುವುದು ನವಲಗುಂದದ ಹತ್ತಿರ. ಜಾತ್ರೆಗಳಲ್ಲಿ ನಾಯಿ ಓಟ ಇರುತ್ತದಲ್ಲ, ಅದಕ್ಕೆ ಒಮ್ಮೆ ಬಿಡಬೇಕು ಅನ್ನೋದು ನಮ್ಮ ಅಣ್ಣನ ಆಸೆ. ಮೊಲ ಹಿಡಿಸುವ ಆಸೆ ನಮ್ಮಲ್ಲಿ ಯಾರಿಗೂ ಇರಲಿಲ್ಲ, ಅದನ್ನು ಆ ತರಬೇತಿಯವನಿಗೆ ಮೊದಲ ಫೋನಿನಲ್ಲೇ ಹೇಳಿದ್ದೆ.

ಅವನ ಮಾತು ಕೇಳಬೇಕು ನೀವು. ಈ ತಳಿ 2005ರಲ್ಲೇ ಅಂಚೆ ಚೀಟಿ ಮೇಲೆ ಬಂದದ್ದು, ಮುಧೋಳದ ಘೋರ್ಪಡೆ ರಾಜರು ಇಂಗ್ಲೆಂಡಿನ ದೊರೆಗೆ ಜೋಡಿ ನಾಯಿ ಕೊಟ್ಟದ್ದು, ಮೀರತ್‌ನಲ್ಲಿ ಸೇನೆ ಇವಕ್ಕೆ ತರಬೇತಿ ಕೊಟ್ಟದ್ದು, 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದ್ದು, ಎಲ್ಲ ಬಾಯಿಪಾಠ. ಅಷ್ಟೂ ನಿಜವೇ. ಅದಕ್ಕೂ ಇವನಿಗೂ ಏನು ಸಂಬಂಧ ಅಂತ ಯಾರೂ ಕೇಳಲ್ಲ ಅಷ್ಟೇ. “ಚಿಂತಿ ಮಾಡಬ್ಯಾಡ್ರಿ ಸರ, ಮೂರು ತಿಂಗಳದಾಗ ಬಾಣ ಮಾಡಿ ಕೊಡತೀನಿ” ಅಂದ. ತಿಂಗಳಿಗೆ ಎಂಟು ಸಾವಿರ, ಊಟದ ಖರ್ಚು ಬೇರೆ, ಹದಿನೈದು ಸಾವಿರ ಮುಂಗಡ. ಊಟ ಅಂದರೆ ದಿನಾ ಮೊಟ್ಟೆ, ಹಾಲು, ಜೋಳದ ನುಚ್ಚು, ವಾರಕ್ಕೆರಡು ಸಲ ಕೋಳಿ ಅಂತ ಪಟ್ಟಿ ಕಳಿಸಿದ.

ನಾಯಿ ಪಳಗಿಸುವವರಿಗೆ ಗೊತ್ತಿರುತ್ತದೆ, ಎಳೇ ಮುಧೋಳವನ್ನು ಹೇಗೆ ಶುರು ಮಾಡಿಸಬೇಕು ಅಂತ. ಇದು ಮೂಗಿನಿಂದ ಹುಡುಕುವ ನಾಯಿಯಲ್ಲ, ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವ ನಾಯಿ. ಒಮ್ಮೆ ಓಟಕ್ಕೆ ಬಿದ್ದರೆ ನೀವು ಕೂಗಿದ್ದು ಕಿವಿಗೆ ಹೋಗಲ್ಲ. ಅದಕ್ಕೇ ಮೊದಲು ಹೆಸರು ಕರೆದರೆ, ಸೀಟಿ ಹೊಡೆದರೆ ವಾಪಸ್ ಬರೋದನ್ನು ಕಲಿಸಬೇಕು. ಆಮೇಲೆ ಹಗ್ಗದ ತುದಿಗೆ ಬಟ್ಟೆ ಕಟ್ಟಿ ಎಳೆದು, ಮೆತ್ತನೆ ನೆಲದಲ್ಲಿ, ನೇರಕ್ಕೆ, ಸ್ವಲ್ಪ ದೂರ. ಬೆಳಿಗ್ಗೆ ತಂಪಿನಲ್ಲಿ. ತಿಂದ ತಕ್ಷಣ ಓಡಿಸಲೇಬಾರದು, ಎದೆ ಆಳ ಇರುವ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಜೀವಕ್ಕೇ ಅಪಾಯ. ಒಂದು ದಿನ ಓಡಿಸಿದರೆ ಮರುದಿನ ಬಿಡುವು. ಇದೆಲ್ಲ ಮಾಡ್ತೀಯಾ ಅಂತ ಕೇಳಿದ್ದಕ್ಕೆ “ಅದಕ್ಕಿಂತ ಹೆಚ್ಚ ಮಾಡತೀವ್ರಿ” ಅಂದ. ಹೆಚ್ಚೇ ಮಾಡಿದ.

ವಿಡಿಯೋ ಬರೋಕೆ ಶುರುವಾಯಿತು. ನಾಯಿ ಹೊಲದ ಬದುವಿನ ಗುಂಟ ಹಾರಿ ಹೋಗುತ್ತಿದೆ, ಹಿಂದೆ ಧೂಳು, ಮೇಲೆ ಹಾಡು ಬೇರೆ. ಏನು ಖುಷಿ ನನಗೆ! ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದೆ. ಮಾವನವರಿಗೆ ಕಳಿಸಿದೆ. “ನೋಡಿ, ನಮ್ಮ ಮಲ್ಲಿ” ಅಂತ ಸ್ಟೇಟಸ್ ಹಾಕಿದೆ.

ಅಕ್ಕನ ಮಗಳು ರಜೆಗೆ ಬಂದಿದ್ದಳು. ಅವಳು ವಿಡಿಯೋ ಪೂರ್ತಿ ನೋಡಿದಳು, ನಾವೆಲ್ಲ ಓಟ ಮುಗಿದ ತಕ್ಷಣ ನಿಲ್ಲಿಸುತ್ತಿದ್ದೆವು. ಕೊನೆಗೆ ನಾಯಿ ಪಂಪ್‌ಸೆಟ್ಟಿನ ಕಂಬದ ಹತ್ತಿರ ಹೋಗುತ್ತದೆ, ಕಾಲೆತ್ತುತ್ತದೆ. “ಮಾಮಾ, ಮಲ್ಲಿ ಹೆಣ್ಣಲ್ವಾ?” ಅಂದಳು. ನಾನು ಮತ್ತೆ ಹಾಕಿ ನೋಡಿದೆ. ದೊಡ್ಡದು ಮಾಡಿ ನೋಡಿದೆ. ಗಂಡು. ಅನುಮಾನವೇ ಇಲ್ಲ, ಗಂಡು ನಾಯಿ. ಮುಂಗಾಲಿನ ಬೆರಳು ಬೇರೆ ಬೆಳ್ಳಗಿದೆ, ನಮ್ಮ ಮಲ್ಲಿಯ ಕಾಲಲ್ಲಿ ಬಿಳಿ ಅನ್ನೋದೇ ಇಲ್ಲ. ಮನೆಯವರೆಲ್ಲ ನಕ್ಕರು. ನನಗೆ ಮಾತ್ರ ಮೈ ಉರಿಯಿತು. ಮಾವನವರು ಇವತ್ತಿಗೂ ಫೋನ್ ಮಾಡಿದರೆ “ನಿಮ್ಮ ಮಲ್ಲಪ್ಪ ಹೇಗಿದ್ದಾನೆ” ಅಂತಲೇ ಕೇಳೋದು.

ಅವನಿಗೆ ಫೋನ್ ಹಚ್ಚಿದೆ. ಉತ್ತರ ಕೇಳಿ:

“ಕೆಲವೊಂದು ಹೆಣ್ ನಾಯಿನೂ ಕಾಲ್ ಎತ್ತತಾವ್ರಿ ಸರ.”

ಗಂಡು ಅಂತ ಎದ್ದು ಕಾಣ್ತಿದೆಯಪ್ಪಾ ಅಂದೆ.

“ಅದು ಜತಿಗಿ ಬಿಟ್ಟಿದ್ದು ನಾಯಿರಿ. ನಿಮ್ಮದು ಹಿಂದ ಐತಿ. ಕ್ಯಾಮೆರಾದಾಗ ಬಂದಿಲ್ಲ.”

ಒಂದು ವಿಡಿಯೋದಲ್ಲೂ ಬಂದಿಲ್ಲವಾ?

“ಹೊಸಾ ಮರಿ ಅಲ್ಲೇನ್ರಿ, ಹಿಂದ ಉಳಿತೈತಿ.”

ವಿಡಿಯೋ ಕಾಲ್ ಮಾಡು, ಈಗಲೇ ತೋರಿಸು ಅಂದರೆ ನೆಟ್‌ವರ್ಕ್ ಇಲ್ಲ. ಎರಡು ನಿಮಿಷದ ಹಿಂದೆ ಸ್ಟೇಟಸ್ ಹಾಕಲು ನೆಟ್‌ವರ್ಕ್ ಇತ್ತು.

ಮರುದಿನವೇ ಅಣ್ಣನನ್ನು ಕರೆದುಕೊಂಡು ಹೊರಟೆ, ಹೇಳದೆ. ತಗಡಿನ ಶೆಡ್ಡು. ಮಟಮಟ ಮಧ್ಯಾಹ್ನ. ಗಿಡ್ಡ ಸರಪಳಿಯಲ್ಲಿ ಮಲ್ಲಿ. ಪಕ್ಕೆಲುಬು ಈ ನಾಯಿಗಳಿಗೆ ಸ್ವಲ್ಪ ಕಾಣೋದು ಸಹಜ, ಆದರೆ ಬೆನ್ನಿನ ಮೂಳೆ ಒಂದೊಂದೂ ಎಣಿಸುವ ಹಾಗಿತ್ತು. ಕಿವಿಯೊಳಗೆ ಉಣ್ಣೆ ಹುಳು. ನಾಲ್ಕೂ ಅಂಗಾಲಿನ ಚರ್ಮ ಸುಲಿದಿತ್ತು, ಎಡ ಮುಂಗಾಲಿನ ಒಂದು ಬೆರಳು ಪಕ್ಕಕ್ಕೆ ತಿರುಗಿ ಊದಿತ್ತು. ಮುಂದೆ ಇಟ್ಟಿದ್ದ ಡಬ್ಬಿಯಲ್ಲಿ ನೀರು ಸಾರಿನ ಅನ್ನ. ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ.

ಕಾಲಿಗೆ ಏನಾಯಿತು ಅಂದರೆ, “ಓಡೋ ನಾಯಿಗಿ ಕಾಲ್ ಉಳಕತೈತ್ರಿ. ಕುಂತ ನಾಯಿಗಿ ಉಳಕಂಗಿಲ್ಲ” ಅಂದ. ಏನೋ ದೊಡ್ಡ ತತ್ವ ಹೇಳಿದವನ ಹಾಗೆ. ಅಲ್ಲೇ ಪಕ್ಕದ ಹೊಲದ ಅಜ್ಜ ಒಬ್ಬರು ನಮ್ಮನ್ನು ಬದಿಗೆ ಕರೆದು ಹೇಳಿದರು, ಬೈಕಿನ ಹಿಂದೆ ಕಟ್ಟಿ ಡಾಂಬರು ರಸ್ತೆಯಲ್ಲಿ ಓಡಿಸುತ್ತಾನೆ, ರಾತ್ರಿ ಟಾರ್ಚ್ ಹಾಕಿಕೊಂಡು ಮೊಲದ ಮೇಲೆ ಬಿಡುತ್ತಾನೆ ಅಂತ. ಆಗಿನ್ನೂ ಮಲ್ಲಿಗೆ ಒಂಬತ್ತು ತಿಂಗಳು ರೀ! ಹುಬ್ಬಳ್ಳಿಯಲ್ಲಿ ಎಕ್ಸ್‌ರೇ ತೆಗೆದ ಡಾಕ್ಟರು ಬೈದದ್ದು ಇದಕ್ಕೇ. ಈ ವಯಸ್ಸಿನಲ್ಲಿ ಮೂಳೆಯ ತುದಿಗಳು ಇನ್ನೂ ಬೆಳೆಯುತ್ತಿರುತ್ತವೆ, ಒಂದು ವರ್ಷ, ದೊಡ್ಡ ತಳಿಗಳಿಗೆ ಒಂದೂವರೆ ವರ್ಷ ಆಗುವವರೆಗೂ ಗಟ್ಟಿ ನೆಲದಲ್ಲಿ ಜೋರು ಓಟ, ಗಕ್ಕನೆ ತಿರುಗಿಸೋದು ಬೇಡವೇ ಬೇಡ ಅಂದರು. ಬೆರಳಿನ ಕೀಲು ತಪ್ಪಿ ಹಾಗೇ ಕೂತಿದೆ. ಓಟದ ಆಸೆ ಬಿಟ್ಟುಬಿಡಿ ಅಂದರು.

ಮೊಲದ ವಿಷಯ ಕೇಳಿದಾಗ ಮೊದಲು “ಇಲ್ಲೇ ಇಲ್ಲ” ಅಂದ. ಅವನದೇ ಸ್ಟೇಟಸ್ಸಿನ ಫೋಟೋ ತೋರಿಸಿದೆ, ಸತ್ತ ಮೊಲ, ಪಕ್ಕದಲ್ಲಿ ಮಲ್ಲಿ, ನಾನೇ ಕಟ್ಟಿದ ಕೆಂಪು ಪಟ್ಟಿ ಕತ್ತಿನಲ್ಲಿ. ಆಗ ರಾಗ ಬದಲಾಯಿತು. “ರುಚಿ ತೋರಸಲಿಲ್ಲಂದ್ರ ನಾಯಿ ಹೆಂಗ ಓಡತೈತ್ರಿ?” ಅಂತ ನನಗೇ ವಾಪಸ್ ಪ್ರಶ್ನೆ. ನೋಡಿ, ಇದು ಬರೀ ನಾಯಿಯ ಕಾಲಿನ ವಿಷಯ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊಲವೂ ಬರುತ್ತದೆ, ಕೊಲ್ಲೋದು ಮಾತ್ರ ಅಲ್ಲ, ಬೆನ್ನಟ್ಟಿ ಓಡಿಸೋದೂ ಬೇಟೆಯೇ. ನಾಳೆ ಅರಣ್ಯ ಇಲಾಖೆಯವರು ಆ ಫೋಟೋ ಹಿಡಿದು ನಾಯಿ ಯಾರದು ಅಂತ ಕೇಳಿದರೆ ಅವನು ನನ್ನ ಕಡೆ ಬೆರಳು ತೋರಿಸುತ್ತಾನೆ. ನಾನು ದುಡ್ಡು ಕೊಟ್ಟು ಕೇಸು ಹಾಕಿಸಿಕೊಂಡ ಹಾಗೆ ಆಗುತ್ತಿತ್ತು.

ಈಗ ಮಲ್ಲಿ ಹೊಲದಲ್ಲೇ ಇದ್ದಾಳೆ. ಬೈಕ್ ಶಬ್ದ ಕೇಳಿದರೆ ಮಂಚದ ಕೆಳಗೆ ನುಗ್ಗುತ್ತಾಳೆ. ಇನ್ನೊಂದು ಕಡೆ ಪಕ್ಕದವರ ಕೋಳಿ ಹಿಡಿಯೋದು ಕಲಿತುಬಂದಿದ್ದಾಳೆ, ಅದರ ದುಡ್ಡೂ ನಾವೇ ಕಟ್ಟುತ್ತಿದ್ದೇವೆ. ಕರೆದರೆ ಬರೋದನ್ನು ಅಣ್ಣ ಮತ್ತೆ ಮೊದಲಿನಿಂದ ಕಲಿಸುತ್ತಿದ್ದಾನೆ, ಬೆಲ್ಲದ ಚೂರಿನ ಬದಲು ಬೇಯಿಸಿದ ಮೊಟ್ಟೆ ಕೊಟ್ಟು. ಅದಕ್ಕೆ ಯಾವ ಗುರುವೂ ಬೇಕಾಗಿರಲಿಲ್ಲ.

ಕೊಡಲೇಬೇಕು ಅಂದರೆ ಇಷ್ಟು ಮಾಡಿ. ನಾಯಿಯ ಚರ್ಮದ ಕೆಳಗೆ ಗುರುತಿನ ಸಂಖ್ಯೆಯ ಮೈಕ್ರೋಚಿಪ್ ಹಾಕಿಸಿ, ಬಿಡುವಾಗಲೂ ತರುವಾಗಲೂ ಓದಿಸಿ. ವಿಡಿಯೋ ನಂಬಬೇಡಿ, ಹೇಳದೆ ಹೋಗಿ ನೋಡಿ. ಹೇಳದೆ ಬರಬೇಡಿ ಅಂದವನಿಗೆ ಒಂದು ರೂಪಾಯಿ ಮುಂಗಡ ಕೊಡಬೇಡಿ. ಬಾಯಲ್ಲಿ ಮೊಲ ಅನ್ನೋ ಮಾತು ಬಂದರೆ ಅಲ್ಲೇ ಎದ್ದು ಬನ್ನಿ. ಮತ್ತೆ, ವರ್ಷ ತುಂಬದ ಮರಿಯನ್ನು ಮೂರು ತಿಂಗಳಲ್ಲಿ ತಯಾರು ಮಾಡ್ತೀನಿ ಅನ್ನುವವನು ಏನೂ ಗೊತ್ತಿಲ್ಲದವನು, ಇಲ್ಲವೇ ಎಲ್ಲ ಗೊತ್ತಿದ್ದೂ ಮಾಡುವವನು. ಎರಡನೆಯವನು ಇನ್ನೂ ಕೆಟ್ಟವನು.

ಮುಂಗಡ ವಾಪಸ್ ಕೇಳಿದ್ದಕ್ಕೆ, “ನಾಯಿ ನಡುವ ಒಯ್ದವರು ನೀವರಿ, ಕೋರ್ಸ್ ಮುಗದಿಲ್ಲ” ಅಂದ. ಈಗ ಅವನೇ ನನಗೆ ಕೊನೇ ತಿಂಗಳ ಎಂಟು ಸಾವಿರ ಬಾಕಿ ಇದೆ ಅಂತ ಮೆಸೇಜ್ ಮೇಲೆ ಮೆಸೇಜ್ ಹಾಕ್ತಿದ್ದಾನೆ, ಕೆಳಗೆ ಕೈ ಮುಗಿಯುವ ಚಿತ್ರ ಬೇರೆ. ನಿನ್ನೆಯೂ ಬಂದಿದೆ. ಕೊಡಲ್ಲ.