ನಾಣ್ಯಕ್ಕೆಷ್ಟು, ಪೆಟ್ಟಿಗೆಗೆಷ್ಟು? ಟಂಕಸಾಲೆಯ ಬೆಳ್ಳಿ ನಾಣ್ಯಗಳ ವಿಮರ್ಶೆ

ಭಾರತ ಸರ್ಕಾರದ ಟಂಕಸಾಲೆಗಳು ಹೊರತರುವ ಬೆಳ್ಳಿಯ ಸ್ಮರಣಾರ್ಥ ನಾಣ್ಯಗಳನ್ನು ಹೂಡಿಕೆಯೆಂದು ಕೊಳ್ಳುವವರಿಗೂ ಸಂಗ್ರಹಕ್ಕೆಂದು ಕೊಳ್ಳುವವರಿಗೂ ಒಂದೇ ಉತ್ತರ ಕೊಡಲಾಗದು. ಬೆಳ್ಳಿಗಾಗಿ ಕೊಳ್ಳುವವರು ಇವುಗಳ ಗೊಡವೆಗೆ ಹೋಗದಿರುವುದೇ ಒಳ್ಳೆಯದು. ಸಂಗ್ರಾಹಕರು ಮಾತ್ರ, ನಾಣ್ಯದ ಜೊತೆಗೆ ಬರುವ ಪೆಟ್ಟಿಗೆ, ಫೋಲ್ಡರ್ ಮತ್ತು ವಿವರಪತ್ರಿಕೆಗಳನ್ನೂ ನಾಣ್ಯದಷ್ಟೇ ಶ್ರದ್ಧೆಯಿಂದ ಪರೀಕ್ಷಿಸುವ ತಾಳ್ಮೆಯಿದ್ದರೆ, ಧೈರ್ಯವಾಗಿ ಕೊಳ್ಳಬಹುದು.

2023ರ ಮೇ 28ರಂದು ನೂತನ ಸಂಸತ್ ಭವನದ ಉದ್ಘಾಟನೆಯ ಸಂದರ್ಭದಲ್ಲಿ ಬಿಡುಗಡೆಯಾದ 75 ರೂಪಾಯಿ ಮುಖಬೆಲೆಯ ನಾಣ್ಯವನ್ನೇ ತೆಗೆದುಕೊಳ್ಳೋಣ. 44 ಮಿಲಿಮೀಟರ್ ವ್ಯಾಸ, 35 ಗ್ರಾಂ ತೂಕ, ಅಂಚಿನಲ್ಲಿ 200 ಗೆರೆಗಳು. ಲೋಹದಲ್ಲಿ ಶೇ 50 ಬೆಳ್ಳಿ, ಶೇ 40 ತಾಮ್ರ, ಉಳಿದದ್ದು ನಿಕಲ್ ಮತ್ತು ಸತು ತಲಾ ಶೇ 5. ಅಂದರೆ ಇದರಲ್ಲಿರುವ ಬೆಳ್ಳಿ 17.5 ಗ್ರಾಂ ಮಾತ್ರ. ಆಯಾ ದಿನದ ಒಂದು ಗ್ರಾಂ ಬೆಳ್ಳಿಯ ಪೇಟೆ ದರವನ್ನು 17.5ರಿಂದ ಗುಣಿಸಿದರೆ ಲೋಹದ ಬೆಲೆ ಸಿಗುತ್ತದೆಯಾದರೂ, ಬೆಳ್ಳಿ ಅಂಗಡಿಗೆ ಒಯ್ದರೆ ಅಷ್ಟೂ ಕೈಗೆ ಬರುವುದಿಲ್ಲ; ಅರ್ಧಕ್ಕರ್ಧ ಬೇರೆ ಲೋಹ ಬೆರೆತ ನಾಣ್ಯವನ್ನು ಕರಗಿಸಿ ಶುದ್ಧ ಮಾಡುವ ಖರ್ಚನ್ನು ಅವರು ಮೊದಲೇ ಮುರಿದುಕೊಳ್ಳುತ್ತಾರೆ. ಮುಖಬೆಲೆಯಂತೂ ಹೆಸರಿಗಷ್ಟೇ. ಈ ವಿಷಯದಲ್ಲಿ 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ ನಾಣ್ಯವೇ ವಾಸಿ: 15 ಗ್ರಾಂ ತೂಕದ ಅದರಲ್ಲಿ ಶೇ 80, ಅಂದರೆ 12 ಗ್ರಾಂ ಬೆಳ್ಳಿಯಿದೆ. ಆದರೆ ಅದನ್ನು ಲಕ್ಷಗಟ್ಟಲೆ ಅಚ್ಚು ಹಾಕಿದ್ದರಿಂದ ಸಾಮಾನ್ಯ ಪ್ರತಿಗಳು ಇಂದಿಗೂ ಬೆಳ್ಳಿಯ ದರದ ಆಸುಪಾಸಿನಲ್ಲೇ ಕೈ ಬದಲಾಗುತ್ತವೆ.

ಟಂಕಸಾಲೆಯ ಸೆಟ್‌ಗಳು, ಅಂದರೆ ಪೆಟ್ಟಿಗೆ ಅಥವಾ ಫೋಲ್ಡರಿನ ಸಮೇತ ಮಾರುವ ನಾಣ್ಯಗಳು, ಮುಖ್ಯವಾಗಿ ಎರಡು ಬಗೆಯವು. ಹೊಳಪು ಕೊಟ್ಟ ಅಚ್ಚು ಮತ್ತು ಬಿಲ್ಲೆಗಳಿಂದ, ಒಂದಕ್ಕಿಂತ ಹೆಚ್ಚು ಬಾರಿ ಒತ್ತಿ ತೆಗೆದದ್ದು ಪ್ರೂಫ್. ಅದರ ಬಯಲು, ಎಂದರೆ ಚಿತ್ರವಿಲ್ಲದ ಸಮತಟ್ಟು ಭಾಗ, ಕನ್ನಡಿಯಂತೆಯೂ ಚಿತ್ರದ ಭಾಗ ಮಬ್ಬು ಬಿಳುಪಾಗಿಯೂ ಕಾಣುತ್ತದೆ. ಚಲಾವಣೆಯ ನಾಣ್ಯದ ರೀತಿಯಲ್ಲೇ ಒತ್ತಿ, ಯಾರ ಕೈಗೂ ಹೋಗದೆ ಉಳಿದದ್ದು ಯುಎನ್‌ಸಿ (ಅನ್‌ಸರ್ಕ್ಯುಲೇಟೆಡ್). ಪ್ರೂಫ್ ಸಾಮಾನ್ಯವಾಗಿ ಗಟ್ಟಿ ಪೆಟ್ಟಿಗೆಯಲ್ಲಿ ಬರುತ್ತದೆ, ಯುಎನ್‌ಸಿ ಮಡಚುವ ಕಾರ್ಡ್ ಫೋಲ್ಡರಿನಲ್ಲಿ. ಬೆಲೆಯಲ್ಲಿ ಪ್ರೂಫ್ ಮೇಲು. ಆದರೂ ನನ್ನ ಒಲವು ಯುಎನ್‌ಸಿ ಕಡೆಗೇ. ಪ್ರೂಫ್‌ನ ಕನ್ನಡಿ ಮೈಮೇಲೆ ಒಂದು ಬೆರಳಚ್ಚು ಬಿದ್ದರೂ ಕೆಲವು ತಿಂಗಳಲ್ಲಿ ಅದು ಕಂದು ಕಲೆಯಾಗಿ ಕೂತುಬಿಡುತ್ತದೆ, ಶೇ 40ರಷ್ಟು ತಾಮ್ರವಿರುವ ಮಿಶ್ರಲೋಹದಲ್ಲಿ ಇನ್ನೂ ಬೇಗ.

ಇನ್ನು ಪೆಟ್ಟಿಗೆಯ ವಿಚಾರ. ಅಮೆರಿಕದ ಮಾರುಕಟ್ಟೆಯಲ್ಲಿ ನಾಣ್ಯವನ್ನು ಖಾಸಗಿ ಶ್ರೇಣೀಕರಣ ಸಂಸ್ಥೆಗೆ ಕಳುಹಿಸಿ, ಅಂಕ ಪಡೆದು, ಮೊಹರಾದ ಪ್ಲಾಸ್ಟಿಕ್ ಕೋಶದಲ್ಲಿ ಮಾರುವುದು ರೂಢಿ. ಅಲ್ಲಿ ಮೂಲ ಪೆಟ್ಟಿಗೆ ಕಳೆದುಹೋದರೂ ಅಂಕವೇ ಸಾಕ್ಷಿಯಾಗುತ್ತದೆ. ನಮ್ಮಲ್ಲಿ ಆಧುನಿಕ ಸ್ಮರಣಾರ್ಥ ನಾಣ್ಯಗಳಿಗೆ ಆ ಅಭ್ಯಾಸ ಇನ್ನೂ ಅಷ್ಟಾಗಿ ಬೇರೂರಿಲ್ಲವಾದ್ದರಿಂದ, ನಾಣ್ಯವನ್ನು ಯಾರೂ ಮುಟ್ಟಿಲ್ಲ ಎಂಬುದಕ್ಕೆ ಟಂಕಸಾಲೆಯ ಫೋಲ್ಡರೇ ದಾಖಲೆ. ಹಾಗಾಗಿ ಅದೇ ವರ್ಷದ, ಅದೇ ವಿಷಯದ ಎರಡು ನಾಣ್ಯಗಳಲ್ಲಿ ಬಿಡಿಯಾಗಿರುವುದಕ್ಕಿಂತ ಸೆಟ್‌ನಲ್ಲಿರುವುದಕ್ಕೆ ಎದ್ದು ಕಾಣುವಷ್ಟು ಹೆಚ್ಚು ಬೆಲೆ. ಇದನ್ನು ತಿಳಿದವರು ಖಾಲಿ ಪೆಟ್ಟಿಗೆಗೆ ಬಿಡಿ ನಾಣ್ಯ ಸೇರಿಸಿ ಸೆಟ್ ಎಂದು ಮಾರುವುದೂ ಉಂಟು. ಫೋಲ್ಡರಿನಲ್ಲಿ ಮುದ್ರಿತವಾದ ಟಂಕಸಾಲೆಯ ಹೆಸರಿಗೂ ನಾಣ್ಯದಲ್ಲಿ ಇಸವಿಯ ಬಳಿ ಇರುವ ಗುರುತಿಗೂ ತಾಳೆಯಾಗುತ್ತದೆಯೇ ಎಂದು ನೋಡಬೇಕು: ಮುಂಬೈಗೆ ವಜ್ರಾಕೃತಿ, ಅಲ್ಲಿನ ಪ್ರೂಫ್‌ಗೆ ‘ಎಂ’ ಅಕ್ಷರ; ಹೈದರಾಬಾದಿಗೆ ನಕ್ಷತ್ರ; ನೋಯ್ಡಾಕ್ಕೆ ಚುಕ್ಕಿ; ಕೋಲ್ಕತ್ತಾಕ್ಕೆ ಯಾವ ಗುರುತೂ ಇಲ್ಲ.

ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನದಲ್ಲಿ ವ್ಯಾಪಾರಿಯೊಬ್ಬರು 2006ರ ಮಹಾತ್ಮ ಬಸವೇಶ್ವರ ನೂರು ರೂಪಾಯಿ ನಾಣ್ಯವನ್ನು ನನ್ನ ಮುಂದಿಟ್ಟರು. ಪೆಟ್ಟಿಗೆ ಅಸಲಿ, ನಾಣ್ಯವೂ ಅಸಲಿ, ದೂರದಿಂದ ಫಳಫಳ ಹೊಳೆಯುತ್ತಿತ್ತು. ಭೂತಗನ್ನಡಿ ಹಿಡಿದು ನೋಡಿದರೆ ಬಯಲಿನುದ್ದಕ್ಕೂ ಒಂದೇ ದಿಕ್ಕಿನ ಕೂದಲೆಳೆ ಗೀರುಗಳು, ಅಕ್ಷರಗಳ ಸಂದಿಯಲ್ಲಿ ಬಿಳಿ ಪುಡಿ! ಹಬ್ಬದ ಹಿಂದಿನ ದಿನ ವಿಭೂತಿ ಹಾಕಿ ದೀಪ ತಿಕ್ಕಿದ ಹಾಗೆ ಯಾರೋ ಅದನ್ನು ತಿಕ್ಕಿದ್ದರು. ಅವರು ಕೇಳಿದ್ದು ಮುಟ್ಟದ ನಾಣ್ಯದ ಬೆಲೆಯನ್ನೇ. ‘ಬಾಕ್ಸ್ ಇದೆಯಲ್ಲ ಸಾರ್’ ಎಂಬುದೊಂದೇ ಅವರ ಸಮರ್ಥನೆ. ತಿಕ್ಕಿದ ನಾಣ್ಯಕ್ಕೆ ಯಾವ ಪೆಟ್ಟಿಗೆಯೂ ಬೆಲೆ ತಂದುಕೊಡುವುದಿಲ್ಲವೆಂದು ಹೇಳಿ ಹಿಂದಿರುಗಿಸಿದೆ. ಕಪ್ಪು ಹಿಡಿದಿದ್ದರೂ ಮುಟ್ಟದೆ ಬಿಟ್ಟಿದ್ದರೆ ಬಹುಶಃ ಕೊಳ್ಳುತ್ತಿದ್ದೆ.

ನಾಣ್ಯವನ್ನು ಕಾಯಬೇಕಾದ ಪೊಟ್ಟಣವೇ ಅದನ್ನು ಕೆಡಿಸುವುದೂ ಇದೆ. ಹಳೆಯ ಆಲ್ಬಮ್‌ಗಳ ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಹಾಳೆ ಕಾಲಕ್ರಮದಲ್ಲಿ ಆಮ್ಲ ಬಿಡುತ್ತದೆ, ನಾಣ್ಯದ ಮೇಲೆ ಹಸಿರು ಜಿಡ್ಡು ಕೂರುತ್ತದೆ. ಮೊದಲ ಹಂತದಲ್ಲಿ ಶುದ್ಧ ಅಸಿಟೋನ್‌ನಲ್ಲಿ ಅದ್ದಿದರೆ, ಉಜ್ಜದೆಯೇ, ಹೋಗುತ್ತದೆ. ಕೆಲವು ರಟ್ಟು, ಅಂಟು, ಉಣ್ಣೆಬಟ್ಟೆ ಮತ್ತು ರಬ್ಬರ್‌ಗಳಿಂದ ಹೊರಬರುವ ಗಂಧಕದ ಅನಿಲವೇ ಬೆಳ್ಳಿಯನ್ನು ಕಪ್ಪಾಗಿಸುವುದು. ಮಂಗಳೂರು, ಕಾರವಾರದ ಕಡೆ ಮಳೆಗಾಲದ ತೇವವೂ ಸೇರಿದರೆ ಕೇಳುವುದೇ ಬೇಡ. ಗಟ್ಟಿ ಕ್ಯಾಪ್ಸೂಲಿನಲ್ಲಿರುವ ನಾಣ್ಯವನ್ನು ಹಾಗೆಯೇ ಬಿಟ್ಟು, ಸೆಟ್‌ನ್ನು ಪಾಲಿಪ್ರೊಪಿಲೀನ್ ಚೀಲದಲ್ಲಿಟ್ಟು, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅದನ್ನು ಆಗಾಗ ಬದಲಿಸಿದರೆ ಸಾಕು. ರಬ್ಬರ್ ಬ್ಯಾಂಡ್ ಸುತ್ತುವುದಂತೂ ಕೂಡದು.

‘ಸೀಮಿತ ಆವೃತ್ತಿ’ ಎಂಬ ಮಾತಿನ ವಿಷಯದಲ್ಲಿ ನಮ್ಮ ಟಂಕಸಾಲೆಗಳ ಪದ್ಧತಿ ನನಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ಆಸ್ಟ್ರೇಲಿಯಾದ ಪರ್ತ್ ಮಿಂಟ್ ತನ್ನ ಲೂನಾರ್ ಸರಣಿಯ ಒಂದು ಔನ್ಸ್ ಬೆಳ್ಳಿಯ ಬುಲಿಯನ್ (ಮುಖ್ಯವಾಗಿ ಲೋಹದ ಬೆಲೆಗಾಗಿಯೇ ಕೊಳ್ಳುವ) ನಾಣ್ಯಕ್ಕೆ 3,00,000 ಎಂಬ ಗರಿಷ್ಠ ಮಿತಿಯನ್ನು ಮೊದಲೇ ಸಾರುತ್ತದೆ. ಅದರ ಪ್ರೂಫ್ ನಾಣ್ಯಗಳ ಜೊತೆ ಕ್ರಮಸಂಖ್ಯೆಯುಳ್ಳ ಪ್ರಮಾಣಪತ್ರವೂ ಬರುತ್ತದೆ. ನಮ್ಮ ರಾಜ್ಯಪತ್ರದ ಅಧಿಸೂಚನೆಯಲ್ಲಿ ಲೋಹ, ತೂಕ, ವ್ಯಾಸ, ಗೆರೆಗಳ ಎಣಿಕೆ, ವಿನ್ಯಾಸದ ವಿವರ ಎಲ್ಲವೂ ಕರಾರುವಾಕ್ಕಾಗಿರುತ್ತವೆ, ಎಷ್ಟು ನಾಣ್ಯ ಎಂಬುದೊಂದನ್ನು ಬಿಟ್ಟು. ಹೀಗಾಗಿ ವಿರಳತೆ ನಿರ್ಧಾರವಾಗುವುದು ಟಂಕಸಾಲೆಯಲ್ಲಿ ನಾಣ್ಯದ ಬುಕಿಂಗ್ ಮುಗಿದ ಎಷ್ಟೋ ಕಾಲದ ಮೇಲೆ, ಹರಾಜುಗಳಲ್ಲಿ ಒಂದು ಸೆಟ್ ಎಷ್ಟು ಬಾರಿ ಕಾಣಿಸಿಕೊಳ್ಳುತ್ತದೆ ಎಂಬುದರ ಮೇಲೆ. ಅಷ್ಟರಲ್ಲಿ ಮರುಮಾರಾಟಗಾರರು ಬಿಡುಗಡೆಯ ವಾರದ ಸಡಗರದಲ್ಲೇ ಬೆಲೆ ಏರಿಸಿರುತ್ತಾರೆ.

ಆದ್ದರಿಂದ ಹೊಸ ನಾಣ್ಯವನ್ನು ಟಂಕಸಾಲೆಯಿಂದ ನೇರವಾಗಿ, ಬುಕಿಂಗ್ ಅವಧಿಯಲ್ಲೇ, ನಿಗದಿತ ಬೆಲೆಗೆ ಪಡೆಯುವುದಾದರೆ ಯುಎನ್‌ಸಿ ಸೆಟ್ ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. ಮರುಮಾರಾಟದಲ್ಲಿ ಕೊಳ್ಳುವುದಾದರೆ ಬಿಡುಗಡೆಯ ಗದ್ದಲ ಅಡಗುವವರೆಗೆ ಕಾಯುವುದು ಲೇಸು. ಹಳೆಯದರಲ್ಲಿ, ಶೇ 80 ಬೆಳ್ಳಿಯಿರುವ 2010ರ ತಂಜಾವೂರು ಬೃಹದೀಶ್ವರ ದೇವಾಲಯದ ಸಾವಿರ ರೂಪಾಯಿ ನಾಣ್ಯ ಮೂಲ ಸೆಟ್‌ನಲ್ಲಿ ಸಿಕ್ಕಿದರೆ ನಾನು ಸ್ವಲ್ಪ ಹೆಚ್ಚು ಕೊಡಲೂ ಹಿಂಜರಿಯುವುದಿಲ್ಲ. ಅದೇ ನಾಣ್ಯ ಪೆಟ್ಟಿಗೆಯಿಲ್ಲದೆ ಬಂದರೆ 28 ಗ್ರಾಂ ಬೆಳ್ಳಿಯ ಬೆಲೆಯಿಂದಲೇ ಚೌಕಾಸಿ ಶುರುಮಾಡುತ್ತೇನೆ.