ಮೀಡಿಯಂ ಸೆಕ್ಯುರಿಟಿ ಜೈಲು: 5ಕ್ಕೆ 3 ಸ್ಟಾರ್

ಜೈಲಿಗೂ ರಿವ್ಯೂ ಬರೆಯುತ್ತಾರಾ ಅಂತ ನಗಬೇಡಿ. ನನ್ನ ತಮ್ಮ ಎರಡು ವರ್ಷದಿಂದ ಒಂದು ಮೀಡಿಯಂ ಸೆಕ್ಯುರಿಟಿ, ಅಂದರೆ ಮಧ್ಯಮ ಮಟ್ಟದ ಕಾವಲಿನ ಜೈಲಿನಲ್ಲಿದ್ದಾನೆ. ತಿಂಗಳಿಗೊಮ್ಮೆ ನೋಡಲು ಹೋಗುತ್ತೇನೆ. ಯಾವ ಜೈಲು ಅಂತ ಕೇಳಬೇಡಿ.

ಹೊರಗೆ ಎರಡು ಸಾಲು ಬೇಲಿ, ಮೇಲೆ ಬ್ಲೇಡಿನಂಥ ತಂತಿ. ಬೇಲಿ ಅಲುಗಾಡಿದರೆ ಕಂಟ್ರೋಲ್ ರೂಮಿನಲ್ಲಿ ಅಲಾರಂ ಹೊಡೆಯುತ್ತದೆ. ಒಳಗೆ ಮಾತ್ರ ನಾನು ಹೆದರಿದಷ್ಟು ಬಿಗಿ ಇಲ್ಲ. ಹಗಲು ಸೆಲ್ ಬಾಗಿಲು ತೆರೆದಿರುತ್ತದೆ, ಕೆಲಸ, ಪಾಠ, ಲೈಬ್ರರಿ ಎಲ್ಲಾ ಉಂಟು, ಆದರೆ ಮನಸ್ಸು ಬಂದಾಗ ಅಡ್ಡಾಡುವಂತಿಲ್ಲ, ಗಂಟೆ ಹೊಡೆದ ಮೇಲೆ ಕೆಲವೇ ನಿಮಿಷದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆ ಸೇರಿಬಿಡಬೇಕು.

ಯಾರನ್ನು ಎಲ್ಲಿಡಬೇಕು ಅನ್ನುವುದಕ್ಕೆ ಅಂಕಗಳ ಲೆಕ್ಕ ಇದೆ. ಏನು ಅಪರಾಧ, ಶಿಕ್ಷೆ ಎಷ್ಟು ಬಾಕಿ, ಹಿಂದೆ ಹೊಡೆದಾಟ ಆಗಿತ್ತಾ, ಓಡಿಹೋಗಲು ನೋಡಿದ್ದನಾ, ವಯಸ್ಸೆಷ್ಟು, ಎಲ್ಲಕ್ಕೂ ಅಂಕ. ಅಂಕ ಇಳಿದರೆ ಲೋ ಸೆಕ್ಯುರಿಟಿಗೆ, ಅಂದರೆ ಕಾವಲು ಕಡಿಮೆ ಇರುವ ಜೈಲಿಗೆ ಹೋಗುವ ದಾರಿ ತೆರೆಯುತ್ತದೆ. ತಮ್ಮ ಈ ಅಂಕವನ್ನು ಪರೀಕ್ಷೆ ಮಾರ್ಕಿಗಿಂತ ಜಾಸ್ತಿ ತಲೆಗೆ ಹಚ್ಚಿಕೊಂಡಿದ್ದಾನೆ!

ನನಗೆ ಹಿಡಿಸಿದ್ದು ಒಂದು. ಕಾವಲಿನವರು ಗಾಜಿನ ಹಿಂದೆ ಕೂರುವುದಿಲ್ಲ, ಬ್ಲಾಕ್ ನಡುವೆಯೇ ಅವರ ಮೇಜು. ಯಾರ ಮುಖ ಬಾಡಿದೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಅನ್ನುವುದು ಜಗಳ ಆಗುವ ಮೊದಲೇ ಅವರಿಗೆ ಗೊತ್ತಾಗುತ್ತದೆ.

ಇನ್ನು ಬೈಗುಳ. ಇಬ್ಬರ ಸೆಲ್‌ನಲ್ಲಿ ಮೂವರು. ಮೂರನೆಯವನಿಗೆ ನೆಲದ ಮೇಲೆ ಹಾಸಿಗೆ. "ಅಕ್ಕಾ, ರಾತ್ರಿ ಎದ್ದರೆ ಅವನನ್ನು ದಾಟದೆ ಶೌಚಕ್ಕೂ ಹೋಗೋಕಾಗಲ್ಲ" ಅಂದ. ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಅಂತ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳ ಪ್ರಕಾರ ಸೆಲ್ ಅಂದರೆ ರಾತ್ರಿ ಒಬ್ಬರಿಗೆ ಒಂದು, ಇಬ್ಬರನ್ನು ಹಾಕುವುದೂ ಸರಿಯಲ್ಲ. ತಾತ್ಕಾಲಿಕವಾಗಿ ಜನ ಜಾಸ್ತಿಯಾಗುವಂಥ ವಿಶೇಷ ಕಾರಣ ಇದ್ದರೆ ಮಾತ್ರ ವಿನಾಯಿತಿ. ಇಲ್ಲಿ ಆ 'ತಾತ್ಕಾಲಿಕ' ಶುರುವಾಗಿ ಒಂದು ವರ್ಷ ಆಯ್ತು.

ಒಮ್ಮೆ ತಮ್ಮ ಯಾರದ್ದೋ ಜಗಳದಲ್ಲಿ ಕೈ ಹಾಕಿ ಏಳು ದಿನ ಒಂಟಿ ಸೆಲ್ ಸೇರಿದ್ದ. ದಿನಕ್ಕೆ ಒಂದು ಗಂಟೆ ಹೊರಗೆ, ಉಳಿದದ್ದು ಗೋಡೆ. ಅದೇ ನಿಯಮಗಳು ಸತತ 15 ದಿನ ದಾಟಿದ ಒಂಟಿ ಸೆರೆಯನ್ನು ನಿಷೇಧಿಸುತ್ತವೆ. ಏಳಕ್ಕೇ ಅವನ ದನಿ ಬದಲಾಗಿತ್ತು.

ಎಣಿಕೆಯ ಕಥೆ ಹೇಳಲೇಬೇಕು. ದಿನಕ್ಕೆ ಹಲವು ಸಲ ತಲೆ ಎಣಿಸುತ್ತಾರೆ, ಒಂದು ಸಲವಂತೂ ಎಲ್ಲರೂ ಮಂಚದ ಪಕ್ಕ ಎದ್ದು ನಿಲ್ಲಬೇಕು. ಲೆಕ್ಕ ತಾಳೆಯಾಗದಿದ್ದರೆ ಇಡೀ ಜೈಲು ನಿಂತಲ್ಲೇ ನಿಲ್ಲುತ್ತದೆ. ಕಳೆದ ಸಲ ಅಡುಗೆಮನೆಗೆ ಹೋಗಿದ್ದ ಒಬ್ಬನನ್ನು ಎರಡು ಕಡೆ ಎಣಿಸಿಬಿಟ್ಟಿದ್ದರಂತೆ, ಅದು ಸರಿಹೋಗುವಷ್ಟರಲ್ಲಿ ನನ್ನ ಭೇಟಿಯ ಹೊತ್ತಿನಲ್ಲಿ ನಲವತ್ತು ನಿಮಿಷ ಹೋಗಿತ್ತು, ವಾಪಸ್ ಕೊಡಲಿಲ್ಲ.

ನೋಡಲು ಹೋಗುವವರು ಎಣಿಕೆ ಎಷ್ಟು ಹೊತ್ತಿಗೆ ಅಂತ ಮೊದಲೇ ಫೋನ್ ಮಾಡಿ ಕೇಳಿ. ಗುರುತಿನ ಚೀಟಿ ಮರೆಯಬೇಡಿ. ಲೋಹದ ಬಕಲ್ ಇರುವ ಬೆಲ್ಟ್ ಮನೆಯಲ್ಲೇ ಬಿಡಿ.