ಯುದ್ಧದ ಹೊತ್ತಲ್ಲಿ ಫೋನ್ ಜೋಪಾನ: ಪುಕ್ಕಟೆ ಸಿಗುವ ಸಹಾಯಗಳಲ್ಲಿ ನಮ್ಮವರಿಗೆ ಯಾವುದು ಆಗುತ್ತದೆ?

ಪೂರ್ತಿ ಓದಲು ಪುರಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಈಗಲೇ ತೊಂದರೆಯಲ್ಲಿದ್ದರೆ ‘ಡಿಜಿಟಲ್ ಫಸ್ಟ್ ಏಡ್ ಕಿಟ್’ ಅನ್ನುವ ವೆಬ್‌ಸೈಟ್ ತೆರೆಯಿರಿ. ತೊಂದರೆ ಇನ್ನೂ ಬಂದಿಲ್ಲ ಅಂದರೆ ‘ಸರ್ವೇಲೆನ್ಸ್ ಸೆಲ್ಫ್ ಡಿಫೆನ್ಸ್’ ಅನ್ನುವ ಆನ್‌ಲೈನ್ ಗೈಡ್ ಓದಿ. ಬೇರೆಯವರು ಓದಲಾಗದ ಹಾಗೆ ಮೆಸೇಜು ಕಳಿಸುವ ‘ಸಿಗ್ನಲ್’ ಆ್ಯಪ್ ಫೋನಿನಲ್ಲಿರಲಿ. ಮೂರಕ್ಕೂ ಒಂದು ಪೈಸೆ ಕೊಡಬೇಕಿಲ್ಲ. ಆದರೆ ಮೊದಲಿನ ಎರಡು ಕನ್ನಡದಲ್ಲಿ ಇಲ್ಲ, ನನ್ನ ದೊಡ್ಡ ತಕರಾರು ಅದೇ.

ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಇಲ್ಲಿನ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಉಡುಪಿ, ಮಂಗಳೂರು ಕಡೆಯ ಮನೆಗಳು ಜಾಸ್ತಿ. ಹಾಗಾಗಿ ಯಾರದೋ ಮಗ ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ, ಯಾರದೋ ತಂಗಿ ದೋಹಾದಲ್ಲಿದ್ದಾಳೆ. ಎಲ್ಲೋ ದೂರದ ಯುದ್ಧ ಅಂತ ಟಿವಿ ಆರಿಸಿ ಮಲಗುವ ಹಾಗಿಲ್ಲ. 2025ರ ಮೇ 7ರಂದು ಮುಂಬೈಯಲ್ಲೇ, ಚರ್ಚ್‌ಗೇಟ್ ಹತ್ತಿರದ ಕ್ರಾಸ್ ಮೈದಾನದಲ್ಲಿ, ಸೈರನ್ ಹಾಕಿ ಮಾಕ್ ಡ್ರಿಲ್ ಮಾಡಿದರು. ಅದಾದ ಮೇಲೆ ‘ಎಟಿಎಂ ಎರಡು ಮೂರು ದಿನ ಬಂದ್’ ಅನ್ನುವ ಮೆಸೇಜು ದೇಶ ತುಂಬ ಓಡಾಡಿತು. ಅದು ಸುಳ್ಳು ಅಂತ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್‌ನವರು ಹೇಳಬೇಕಾಯಿತು.

ಸುಳ್ಳು ಮೆಸೇಜು ಹೆದರಿಸುತ್ತದೆ ಅಷ್ಟೆ. ಅದಕ್ಕಿಂತ ಕೆಟ್ಟದ್ದು ಸಹಾಯದ ವೇಷದಲ್ಲಿ ಬರುತ್ತದೆ. 2023ರ ಅಕ್ಟೋಬರ್‌ನಲ್ಲಿ ಇಸ್ರೇಲಿನ ಜನ ರಾಕೆಟ್ ಬಂದಾಗ ಎಚ್ಚರಿಸುವ ‘ರೆಡ್ ಅಲರ್ಟ್’ ಆ್ಯಪ್ ಹಾಕಿಕೊಳ್ಳುತ್ತಿದ್ದರು. ಅದೇ ಹೊತ್ತಿಗೆ ಅದರದೇ ಹೆಸರಿಗೆ ಒಂದಕ್ಷರ ಹೆಚ್ಚು ಸೇರಿಸಿ ಒಂದು ನಕಲಿ ವೆಬ್‌ಸೈಟ್ ಹುಟ್ಟಿಕೊಂಡಿತು. ಐಫೋನಿನ ಬಟನ್ ಒತ್ತಿದರೆ ಅಸಲಿ ಆ್ಯಪ್‌ಗೇ ಹೋಗುತ್ತಿತ್ತು. ಆ್ಯಂಡ್ರಾಯ್ಡ್ ಬಟನ್ ಒತ್ತಿದರೆ ಬೇರೆಯೇ ಫೈಲು ಇಳಿಯುತ್ತಿತ್ತು, ಅದು ಎಚ್ಚರಿಕೆಯನ್ನೂ ಕೊಡುತ್ತಿತ್ತು, ಹಿಂದಿನಿಂದ ಕಾಂಟ್ಯಾಕ್ಟ್, ಎಸ್ಸೆಮ್ಮೆಸ್, ಕರೆಗಳ ಪಟ್ಟಿ ಎಲ್ಲವನ್ನೂ ಎತ್ತಿಕೊಳ್ಳುತ್ತಿತ್ತು. ಕ್ಲೌಡ್‌ಫ್ಲೇರ್ ಅನ್ನುವ ಇಂಟರ್ನೆಟ್ ಭದ್ರತೆಯ ಕಂಪನಿ ಇದನ್ನು ಹಿಡಿದು ಬಯಲಿಗೆ ತಂದಿತು. ನೆತ್ತಿಯ ಮೇಲೆ ರಾಕೆಟ್ ಬರುವಾಗ ಒಂದಕ್ಷರದ ವ್ಯತ್ಯಾಸ ಯಾರು ನೋಡುತ್ತಾರೆ? ಅದಕ್ಕೇ ನಾನು ಹೇಳುವುದು, ಇವನ್ನೆಲ್ಲ ಸಮಾಧಾನ ಇರುವಾಗಲೇ ಮಾಡಿಟ್ಟುಕೊಳ್ಳಬೇಕು.

ಈಗ ಒಂದೊಂದಾಗಿ ನೋಡೋಣ. ‘ಸರ್ವೇಲೆನ್ಸ್ ಸೆಲ್ಫ್ ಡಿಫೆನ್ಸ್’ ಮಾಡಿರುವುದು ಇಎಫ್ಎಫ್, ಇಂಟರ್ನೆಟ್ ಬಳಸುವವರ ಹಕ್ಕುಗಳಿಗಾಗಿ ಅಮೆರಿಕದಲ್ಲಿ 1990ರಿಂದ ಇರುವ ಸಂಸ್ಥೆ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಸುರಕ್ಷತಾ ಯೋಜನೆಯ ಭಾಗ. ಅಲ್ಲಿ ಆರೇ ಪ್ರಶ್ನೆ. ಏನನ್ನು ಕಾಪಾಡಬೇಕು, ಯಾರಿಂದ ಕಾಪಾಡಬೇಕು, ತಪ್ಪಿದರೆ ಎಷ್ಟು ಅನಾಹುತ, ಹಾಗಾಗುವ ಸಂಭವ ಎಷ್ಟು, ಅದಕ್ಕಾಗಿ ನಾನು ಎಷ್ಟು ಕಷ್ಟಪಡಲು ತಯಾರು, ನನ್ನ ಜೊತೆಗೆ ಯಾರಿದ್ದಾರೆ. ಪಕ್ಕದ ಬಿಲ್ಡಿಂಗಿನ ಅಕ್ಕನ ಮಗ ಇಸ್ರೇಲಿನಲ್ಲಿದ್ದಾನೆ, ಅವರ ಜೊತೆ ಅಡಿಗೆಮನೆಯಲ್ಲಿ ಕೂತು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಉತ್ತರ ಬರೆದೆವು. ‘ನಂದು ಏನಿದೆ ಮಾರಾಯ್ತಿ, ಕಳ್ಳ ಬಂದು ಏನು ತೆಗೀತಾನೆ’ ಅಂತ ಶುರು ಮಾಡಿದವರು, ಫೋನ್ ತೆರೆದು ನೋಡಿದ ಮೇಲೆ ಸುಮ್ಮನಾದರು. ಮಗನ ಪಾಸ್‌ಪೋರ್ಟಿನ ಫೋಟೋ, ವೀಸಾ, ಅವನು ಕೆಲಸ ಮಾಡುವ ಮನೆಯ ವಿಳಾಸ, ಸೈರನ್ ಆದಾಗ ಅವನು ಇಳಿದು ಹೋಗುವ ಶೆಲ್ಟರಿನ ವೀಡಿಯೋ, ಎಲ್ಲ ಒಂದೇ ಚಾಟಿನಲ್ಲಿತ್ತು. ಯಾರಿಂದ ಕಾಪಾಡಬೇಕು ಅಂದರೆ ದೊಡ್ಡ ಗೂಢಚಾರರಿಂದ ಅಲ್ಲ. ‘ನಿಮ್ಮ ಮಗನಿಗೆ ಏಟಾಗಿದೆ, ಆಸ್ಪತ್ರೆಗೆ ದುಡ್ಡು ಕಳಿಸಿ’ ಅಂತ ಫೋನ್ ಮಾಡುವವನಿಂದ. ಅವನ ಕೈಗೆ ಈ ವಿವರ ಸಿಕ್ಕರೆ ಯಾವ ತಾಯಿ ನಂಬದೆ ಇರುತ್ತಾಳೆ? ಕೊನೆಗೆ ತಾಯಿಗೂ ಮಗನಿಗೂ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಗೊತ್ತುಮಾಡಿಕೊಂಡರು. ಹಣ ಅಂತ ಯಾರು ಕೇಳಿದರೂ ಮೊದಲು ಆ ಪ್ರಶ್ನೆ.

ಆರನೇ ಪ್ರಶ್ನೆ, ಜೊತೆಗೆ ಯಾರಿದ್ದಾರೆ ಅನ್ನುವುದು, ಇಂಥ ಗೈಡಿನಲ್ಲಿ ಇರುವುದೇ ನನಗೆ ದೊಡ್ಡ ಸಮಾಧಾನ. ಒಬ್ಬರ ಫೋನ್ ಭದ್ರವಾಗಿದ್ದು, ಅವರ ನಂಬರು ಇನ್ನೊಬ್ಬರ ಫೋನಿನಲ್ಲಿ ಬಯಲಾಗಿ ಬಿದ್ದಿದ್ದರೆ ಏನು ಬಂತು?

‘ಡಿಜಿಟಲ್ ಫಸ್ಟ್ ಏಡ್ ಕಿಟ್’ ಬೇರೆ ಥರ. ಇದು ಓದುವ ಪುಸ್ತಕ ಅಲ್ಲ, ಡಾಕ್ಟರು ಕೇಳಿದ ಹಾಗೆ ಒಂದಾದ ಮೇಲೆ ಒಂದು ಪ್ರಶ್ನೆ ಕೇಳುತ್ತದೆ. ಫೋನ್ ಕಳೆದಿದೆಯಾ, ಅಕೌಂಟ್ ತೆರೆಯುತ್ತಿಲ್ಲವಾ, ನಿಮ್ಮ ಹೆಸರಲ್ಲಿ ಬೇರೆ ಯಾರಾದರೂ ಅಕೌಂಟ್ ನಡೆಸುತ್ತಿದ್ದಾರಾ, ಗೊತ್ತಿರುವವರನ್ನು ಬಂಧಿಸಿದ್ದಾರಾ. ಉತ್ತರ ಒತ್ತುತ್ತಾ ಹೋದರೆ ಮಾಡಬೇಕಾದ್ದನ್ನು ಹೇಳುತ್ತದೆ, ಅದರಿಂದಲೂ ಆಗದಿದ್ದರೆ ಯಾವ ಸಂಸ್ಥೆಗೆ ಬರೆಯಬೇಕು ಅಂತ ಕೊನೆಗೆ ತೋರಿಸುತ್ತದೆ. ಗಾಬರಿಯಲ್ಲಿ ತಲೆ ಓಡುವುದಿಲ್ಲ ಅಲ್ವಾ, ಆಗ ಇಂಥದ್ದೇ ಬೇಕು. ಇಂಗ್ಲಿಷ್ ಸರಳವಾಗಿಯೇ ಇದೆ, ಆದರೂ ನಮ್ಮ ಅಕ್ಕನಂಥವರಿಗೆ ಪಕ್ಕದಲ್ಲಿ ಒಬ್ಬರು ಕೂರಲೇಬೇಕು.

ಪತ್ರಕರ್ತರು, ಹೋರಾಟಗಾರರು, ಪರಿಹಾರ ಕೆಲಸ ಮಾಡುವ ಸಂಘದವರಿಗೆ ಆ್ಯಕ್ಸೆಸ್ ನೌ ಸಂಸ್ಥೆಯ ಡಿಜಿಟಲ್ ಸೆಕ್ಯುರಿಟಿ ಹೆಲ್ಪ್‌ಲೈನ್ ಇದೆ. ದಿನದ 24 ಗಂಟೆಯೂ ಇರುತ್ತದೆ, ಎರಡು ಗಂಟೆಯೊಳಗೆ ಉತ್ತರಿಸುತ್ತೇವೆ ಅನ್ನುತ್ತಾರೆ. ನಮ್ಮ ನಿಮ್ಮ ಬ್ಯಾಂಕ್ ಮೋಸಕ್ಕೆ ಇದಲ್ಲ, ಅದಕ್ಕೆ ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡಮಾಡದೆ.

ಸಿಗ್ನಲ್ ಬಗ್ಗೆ ಎಲ್ಲರಿಗೂ ಗೊತ್ತು. 2024ರಿಂದ ಯೂಸರ್‌ನೇಮ್ ಬಂದಿದೆ, ಹಾಗಾಗಿ ಹೊಸಬರಿಗೆ ನಂಬರು ಕೊಡದೆಯೇ ಮಾತಾಡಬಹುದು. ಪರಿಹಾರದ ಗ್ರೂಪ್ ನಡೆಸುವ ಹೆಣ್ಣುಮಕ್ಕಳಿಗೆ ಇದೊಂದೇ ಸಾಕು, ರಾತ್ರಿ ಹೊತ್ತು ಗುರುತಿಲ್ಲದವರ ಕರೆ ತಪ್ಪುತ್ತದೆ. ಮೆಸೇಜು ತಾನಾಗಿ ಅಳಿಸಿಹೋಗುವ ಹಾಗೆ ವಾರ ಅಂತ ಇಟ್ಟುಬಿಡಿ. ಆದರೆ ಸಿಗ್ನಲ್ ಹಾಕಿದೆ, ಇನ್ನು ಚಿಂತೆಯಿಲ್ಲ ಅಂತ ಕೂರಬೇಡಿ. 2025ರ ಫೆಬ್ರವರಿಯಲ್ಲಿ ಗೂಗಲ್‌ನ ಭದ್ರತಾ ತಂಡ ಒಂದು ವರದಿ ಹೊರಗೆ ತಂದಿತು. ರಷ್ಯಾ ಪರ ಹ್ಯಾಕರ್‌ಗಳು ಉಕ್ರೇನಿನವರಿಗೆ ಗ್ರೂಪ್ ಆಹ್ವಾನದ ಹಾಗೆ ಕಾಣುವ ಕ್ಯೂಆರ್ ಕೋಡ್ ಕಳಿಸುತ್ತಿದ್ದರು. ಸ್ಕ್ಯಾನ್ ಮಾಡಿದರೆ ಗ್ರೂಪಿಗೆ ಸೇರುವುದಿಲ್ಲ, ನಿಮ್ಮ ಅಕೌಂಟು ಅವರ ಕಂಪ್ಯೂಟರಿಗೆ ಜೋಡಣೆಯಾಗುತ್ತದೆ, ಆಮೇಲೆ ಬರುವ ಪ್ರತಿ ಮೆಸೇಜೂ ಅವರಿಗೂ ಹೋಗುತ್ತದೆ. ಬೀಗ ಒಡೆಯಲಿಲ್ಲ, ಇನ್ನೊಂದು ಕೀ ಮಾಡಿಸಿಕೊಂಡರು. ಸೆಟ್ಟಿಂಗ್ಸ್‌ಗೆ ಹೋಗಿ ‘ಲಿಂಕ್ಡ್ ಡಿವೈಸಸ್’ ಒತ್ತಿ ನೋಡಿ. ನಿಮ್ಮದಲ್ಲದ ಹೆಸರು ಕಂಡರೆ ತಕ್ಷಣ ತೆಗೆಯಿರಿ. ವಾಟ್ಸಾಪಿನಲ್ಲೂ ಇದೇ ಜಾಗ ಇದೆ.

‘ಬ್ರಯರ್’ ಅನ್ನುವ ಆ್ಯಪ್, ಇಂಟರ್ನೆಟ್ ಇಲ್ಲದಾಗ ಬ್ಲೂಟೂತ್, ವೈಫೈ ಮೂಲಕ ಹತ್ತಿರದವರಿಗೆ ಮೆಸೇಜು ಮುಟ್ಟಿಸುತ್ತದೆ. ಯೋಚನೆ ಚೆನ್ನಾಗಿದೆ. ಆದರೆ ಐಫೋನಿಗೆ ಇಲ್ಲ, ಮತ್ತು 2023ರ ಮೇ ತಿಂಗಳಲ್ಲಿ ನಮ್ಮ ಸರ್ಕಾರ ತಡೆಹಿಡಿದ 14 ಆ್ಯಪ್‌ಗಳಲ್ಲಿ ಇದೂ ಒಂದು. ಇಲ್ಲಿರುವವರಿಗೆ ನಾನು ಹೇಳುವುದಿಲ್ಲ.

ಫೋಟೋ ವಿಷಯಕ್ಕೆ ಬರುತ್ತೇನೆ, ಮುಂಬೈಯವರು ಇದನ್ನು ಯಾರಿಗಿಂತಲೂ ಚೆನ್ನಾಗಿ ತಿಳಿದಿರಬೇಕು. 2008ರ ನವೆಂಬರ್ 26ರ ದಾಳಿಯಲ್ಲಿ ತಾಜ್, ಒಬೆರಾಯ್, ನರಿಮನ್ ಹೌಸ್ ಮುಂದೆ ಕ್ಯಾಮರಾ ಇಟ್ಟು ಟಿವಿಯವರು ನೇರ ಪ್ರಸಾರ ಮಾಡಿದರು. ಗಡಿಯಾಚೆ ಕೂತವರು ಅದನ್ನೇ ನೋಡಿ ಒಳಗಿನ ಉಗ್ರರಿಗೆ ಫೋನಿನಲ್ಲಿ ಹೇಳಿಕೊಡುತ್ತಿದ್ದರು. 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟುವಾಗಿ ಟೀಕಿಸಿತು. ಈಗ ಆ ಕ್ಯಾಮರಾ ನಮ್ಮ ಎಲ್ಲರ ಜೇಬಿನಲ್ಲಿದೆ. ಉಕ್ರೇನಿನಲ್ಲಿ ಯುದ್ಧ ಶುರುವಾದ ಕೆಲವೇ ದಿನಕ್ಕೆ ಗೂಗಲ್ ಮ್ಯಾಪಿನಲ್ಲಿ ಟ್ರಾಫಿಕ್ ತೋರಿಸುವುದನ್ನೇ ನಿಲ್ಲಿಸಿದರು, ರಸ್ತೆಯಲ್ಲಿ ಜನ ಎಲ್ಲಿ ಸೇರಿದ್ದಾರೆ ಅನ್ನುವುದೂ ಅಪಾಯವೇ. ಇನ್ನೊಂದು, ಫೋಟೋವನ್ನು ವಾಟ್ಸಾಪಿನಲ್ಲಿ ಫೋಟೋ ಆಗಿಯೇ ಕಳಿಸಿದರೆ ಅದರೊಳಗಿನ ಲೊಕೇಷನ್ ಉದುರಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಕ್ಯಾಮರಾ ಸೆಟ್ಟಿಂಗಿನಲ್ಲೇ ಲೊಕೇಷನ್ ಆಫ್ ಮಾಡಿಬಿಡಿ.

ಜೊತೆಗೆ ನಿಲ್ಲುವುದು ಅಂದರೆ ಬರೀ ಫಾರ್ವರ್ಡ್ ಮಾಡುವುದಲ್ಲ. 2023ರಲ್ಲಿ ಗಾಜಾದಲ್ಲಿ ನೆಟ್‌ವರ್ಕ್ ಹೋದಾಗ ಈಜಿಪ್ಟಿನ ಪತ್ರಕರ್ತೆಯೊಬ್ಬರು ಶುರು ಮಾಡಿದ ಕೆಲಸಕ್ಕೆ ಲೋಕದ ಎಲ್ಲ ಕಡೆಯಿಂದ ಜನ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿಗೆ ಸೇರುವ ಸಿಮ್) ಕೊಂಡು, ಅದರ ಕ್ಯೂಆರ್ ಕೋಡ್ ಕಳಿಸಿದರು. ಒಳಗಿದ್ದವರು ಅದರಿಂದ ಮನೆಯವರ ಜೊತೆ ಮಾತಾಡಿದರು. ಸುಡಾನಿನಲ್ಲಿ ಬೀದಿಬೀದಿಯ ಸ್ವಯಂಸೇವಕರು ‘ಎಮರ್ಜೆನ್ಸಿ ರೆಸ್ಪಾನ್ಸ್ ರೂಮ್’ ಅಂತ ಕಟ್ಟಿಕೊಂಡು ಅನ್ನ ಹಾಕುತ್ತಿದ್ದಾರೆ. ಅವರಿಗೆ ದುಡ್ಡು ಮೊಬೈಲ್ ಬ್ಯಾಂಕಿಂಗಿನಿಂದಲೇ ಬರುವುದು. 2024ರ ಫೆಬ್ರವರಿಯಲ್ಲಿ ನೆಟ್‌ವರ್ಕ್ ಕಡಿದಾಗ ಅವರ ಎಷ್ಟೋ ಅಡಿಗೆಮನೆಗಳ ಒಲೆಯೂ ಆರಿತು. ನಮ್ಮ ದೇಶದಲ್ಲೂ ಇದು ಹೊಸದಲ್ಲ, ಆ್ಯಕ್ಸೆಸ್ ನೌ ಲೆಕ್ಕದ ಪ್ರಕಾರ 2024ರಲ್ಲಿ ಭಾರತದಲ್ಲಿ 84 ಸಲ ಇಂಟರ್ನೆಟ್ ನಿಲ್ಲಿಸಿದ್ದಾರೆ.

2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಿನಸಿ ತರಲು ಹೋದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಯಲ್ಲಿ ತೀರಿಕೊಂಡ. ಆ ವಾರ ನಮ್ಮ ಗ್ರೂಪುಗಳಲ್ಲಿ ಅಲ್ಲಿ ಸಿಕ್ಕಿಬಿದ್ದ ಮಕ್ಕಳ ಹೆಸರು, ಪಾಸ್‌ಪೋರ್ಟ್ ನಂಬರು, ಅಪ್ಪ ಅಮ್ಮನ ಫೋನ್ ನಂಬರು ಇರುವ ಪಟ್ಟಿಗಳು ಓಡಾಡಿದವು. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಅಂಥ ಪಟ್ಟಿ ಒಬ್ಬರ ಹತ್ತಿರ ಇರಲಿ, ರಾಯಭಾರ ಕಚೇರಿಗೆ ಹೋಗಲಿ, ಗ್ರೂಪಿಗೆ ಬೇಡ. ನಾನು ನೋಡಿದ ಗೈಡುಗಳಲ್ಲಿ ಇದನ್ನು ಯಾವುದೂ ಒತ್ತಿ ಹೇಳಿದ್ದು ಕಾಣಲಿಲ್ಲ, ಅದೊಂದು ಕೊರತೆ.

ಇಎಫ್ಎಫ್‌ನ ಬರಹಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ, ಅವರ ಹೆಸರು ಹಾಕಿ ಅನುವಾದಿಸಬಹುದು. ಆ ಆರು ಪ್ರಶ್ನೆಗಳನ್ನು ಕನ್ನಡಕ್ಕೆ ತರುವ ಕೆಲಸ ಶುರು ಮಾಡಿದ್ದೇವೆ, ಒಂದು ಪುಟಕ್ಕೆ ಇಳಿಸಿ ಪ್ರಿಂಟ್ ತೆಗೆದು ಸಂಘದ ಕಚೇರಿಗಳಲ್ಲಿ ಇಡುವ ಯೋಚನೆ. ಮಾಟುಂಗ, ಠಾಣೆ, ಮುಲುಂಡ್ ಕಡೆಯ ಯಾರಿಗಾದರೂ ಭಾನುವಾರ ಒಂದೆರಡು ಗಂಟೆ ಬಿಡುವಿದ್ದರೆ ಕೈ ಜೋಡಿಸಿ, ಲಿಂಕ್ಡ್ ಡಿವೈಸಸ್ ನೋಡುವ ವಿಧಾನ ಚಿತ್ರ ಸಮೇತ ಬರೆಯುವುದು ಇನ್ನೂ ಬಾಕಿ ಇದೆ.